ತೆಂಗಿನ ಹಾಲು ಮತ್ತು ಸಿಂಥಸೈಜರ್

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಫಳ್ನೀರಿನ ನಮ್ಮ ಓಣಿಯಲ್ಲಿ ಒಂದು ಸಿಂಥಸೈಜರ್, ಅಂದರೆ ಕರೆಂಟಿನಿಂದ ನುಡಿಯುವ ಕೀಬೋರ್ಡ್ ಪೆಟ್ಟಿಗೆ, ಇತ್ತು. ಪಕ್ಕದ ಮನೆಯ ಗೆಳೆಯನಿಗೆ ಬಹರೈನಿನಲ್ಲಿದ್ದ ಭಾವ ತಂದುಕೊಟ್ಟದ್ದು. ಅಲ್ಲಿನ ಹೋಟೆಲಿನ ಬ್ಯಾಂಡಿನವರು ಬಳಸಿ ಬಿಟ್ಟ ಹಳೆಯ ಮಾಲು. ಒಮ್ಮೆಗೆ ಒಂದೇ ಸ್ವರ ನುಡಿಯುತ್ತಿತ್ತು. ಆದರೆ ಅದರ ದೊಡ್ಡ ಲೋಹದ ತಿರುಗಣೆಯನ್ನು ಎಡಕ್ಕೆ ತಿರುಗಿಸಿದರೆ ಆ ಸ್ವರ ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ಗುನುಗುತ್ತಿತ್ತು. ಬಲಕ್ಕೆ ತಿರುಗಿಸಿದರೆ ಬಾಯಿ ಅಗಲಿಸಿ ಕೂಗುತ್ತಿತ್ತು. ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನಾನು ಆ ತಿರುಗಣೆಗಾಗಿಯೇ ಅವನ ಜಗಲಿಯಲ್ಲಿ ಸಂಜೆಗಳನ್ನು ಕಳೆಯುತ್ತಿದ್ದೆ.

ನಮ್ಮ ಕರಾವಳಿಯ ಹಸಿ ಗಾಳಿಗೆ ಪೆಟ್ಟಿಗೆಯ ಶ್ರುತಿ ನಿಲ್ಲುತ್ತಿರಲಿಲ್ಲ. ನುಡಿಸುವ ಬಹಳ ಮೊದಲೇ ಕರೆಂಟು ಕೊಟ್ಟು, ಮೇಲೆ ಬೆಡ್‌ಶೀಟ್ ಹೊದಿಸಿ ಬಿಸಿ ಮಾಡಬೇಕಿತ್ತು.

"ಎಂತ ಮಾರಾಯ, ಡಬ್ಬಿಗೆ ಜ್ವರವಾ? ಗಂಜಿ ಕೊಟ್ಟಿದ್ದೀಯಾ?" ಎಂದು, ಗೆಳೆಯ ನುಡಿಸುತ್ತಿದ್ದ ಮದುವೆ ಬ್ಯಾಂಡಿನ ಟ್ರಂಪೆಟಿನವನು ಕೆಣಕುತ್ತಿದ್ದ.

"ನಿನ್ನ ಪೀಪಿಯ ಹಾಗೆ ಎಂಜಲು ಕುಡಿದು ಬದುಕುವ ಜಾತಿಯಲ್ಲ ಇದು," ಎನ್ನುತ್ತಿದ್ದ ಗೆಳೆಯ.

ಇಬ್ಬರೂ ನಗುತ್ತಿದ್ದರು. ನನಗೆ ಮಾತ್ರ ಟ್ರಂಪೆಟಿನವನ ನಗುವಿನ ಮೇಲೆ ನಂಬಿಕೆ ಇರಲಿಲ್ಲ. ಮೊದಲು ಆ ಬ್ಯಾಂಡಿನಲ್ಲಿ ಎರಡು ಟ್ರಂಪೆಟ್ ಇದ್ದವು. ಈ ಪೆಟ್ಟಿಗೆ ಬಂದ ಮೇಲೆ ಎರಡನೆಯವನಿಗೆ ಕರೆ ನಿಂತುಹೋಗಿತ್ತು. ಆ ಎರಡನೆಯವನು ಇವನ ಸ್ವಂತ ತಮ್ಮ.

ಗೆಳೆಯನ ಚಿಕ್ಕಪ್ಪನ ಮಗನ ಮದುವೆ ಬಂತು. ಮುನ್ನಾದಿನದ ಸಂಜೆ ರೋಸ್: ಮದುಮಗನನ್ನು ಚಪ್ಪರದಡಿ ಕೂರಿಸಿ, ಹಿರಿಯರು ಹಾಡಿಕೊಂಡು ತಲೆಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಅಂಗಳಕ್ಕೆ ಎಳೆದ ತಾತ್ಕಾಲಿಕ ಲೈನಿಗೆ, ಸೋರಿದ ಕರೆಂಟು ನೆಲಕ್ಕಿಳಿಯಲು ಅರ್ತ್ ಬೇಕೆಂದು ನಾನೇ ಮಧ್ಯಾಹ್ನ ಕಬ್ಬಿಣದ ಸರಳೊಂದನ್ನು ನೆಲಕ್ಕೆ ಹೊಡೆದು, ಉಪ್ಪುನೀರು ಸುರಿದು, ತಂತಿ ಸುತ್ತಿ ಗಂಟು ಹಾಕಿದ್ದೆ. ಪೆಟ್ಟಿಗೆ ಬಿಸಿಯಾಗುತ್ತಾ ಗುಂಯ್ ಎನ್ನತೊಡಗಿತು. ಗುಂಯ್ ಎಂದಾಗ ಅರ್ತ್ ಬಿಚ್ಚಿ ಸದ್ದು ನಿಲ್ಲಿಸುವುದು ಆ ಕಾಲದ ವಾದ್ಯದವರ ಅಭ್ಯಾಸ. ಬಿಚ್ಚಬಾರದು, ಪೆಟ್ಟಿಗೆ ಮುಟ್ಟಿದವನಿಗೆ ಶಾಕ್ ಹೊಡೆದೀತು ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ.

"ಡಿಗ್ರಿಯವರು ಹೇಳಿದ ಮೇಲೆ ಮುಗೀತು," ಎಂದ ಟ್ರಂಪೆಟಿನವನು.

ನಾನು ಒಳಗೆ ಚಹಾಕ್ಕೆ ಹೋಗಿ ಬಂದಾಗ ಸದ್ದು ನಿಂತಿತ್ತು. ಪೆಟ್ಟಿಗೆ ಬಿಸಿಯಾಯಿತು, ಸರಿಹೋಯಿತು ಎಂದುಕೊಂಡೆ.

ಶಾಸ್ತ್ರ ಮುಗಿದದ್ದೇ, ವಾಡಿಕೆಯಂತೆ ಉಳಿದ ಹಾಲನ್ನು ಹುಡುಗ ಹುಡುಗಿಯರು ಒಬ್ಬರ ಮೇಲೊಬ್ಬರು ಎರಚತೊಡಗಿದರು. "ವಾದ್ಯದವರಿಗೆ ಬೇಡವಾ?" ಎಂದು ಒಬ್ಬಳು ತಂಬಿಗೆಯನ್ನೇ ಗೆಳೆಯನ ತಲೆಗೆ ಬೋರಲು ಹಾಕಿದಳು. ಬರಿಗಾಲು, ಒದ್ದೆ ನೆಲ. ಅವನು ನಗುತ್ತಲೇ ಎಡಗೈಯ ಸ್ವರ ಬಿಡದೆ ಬಲಗೈಯನ್ನು ತಿರುಗಣೆಗೆ ಇಟ್ಟ.

ಸ್ವರ ಬಾಯಿ ತೆರೆಯುತ್ತಾ ಹೋಯಿತು. ತೆರೆದ ಬಾಯಿ ಮುಚ್ಚಲಿಲ್ಲ. ಜನ ಹೊಸ ಚಮತ್ಕಾರವೆಂದು ಚಪ್ಪಾಳೆ ತಟ್ಟಿದರು, ಯಾರೋ ಸಿಳ್ಳೆ ಹಾಕಿದರು. ಗೆಳೆಯನ ಹಲ್ಲು ಕಚ್ಚಿಕೊಂಡಿದ್ದವು, ತೋಳು ನಡುಗುತ್ತಿತ್ತು. ಕರೆಂಟು ಹಿಡಿದಿದೆಯೆಂದು ನನಗೆ ಅರ್ಥವಾಯಿತು. ಅಷ್ಟರಲ್ಲಿ ಟ್ರಂಪೆಟಿನವನು ಒಂದು ಮರದ ಸ್ಟೂಲು ಎತ್ತಿ ಪ್ಲಗ್ಗಿನ ಬೋರ್ಡಿಗೆ ಬೀಸಿದ. ಸ್ವರ ಥಟ್ಟನೆ ಕಡಿದುಹೋಯಿತು. ಗೆಳೆಯ ಹಾಲಿನ ರಾಡಿಯಲ್ಲಿ ಬಿದ್ದ. ಉಸಿರಿತ್ತು. ಅಂಗೈ ಸುಟ್ಟಿತ್ತು.

ಅವನನ್ನು ಹತ್ತಿರದ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದ ಮೇಲೆ ನಾನು ಸರಳಿನ ಹತ್ತಿರ ಬಗ್ಗಿ ನೋಡಿದೆ. ತಂತಿ ಪಕ್ಕದಲ್ಲಿ ಬಿದ್ದಿತ್ತು. ಯಾರದೋ ಕಾಲಿಗೆ ಸಿಕ್ಕಿ ಕಿತ್ತು ಬಂದಿದ್ದರೆ ಎಳೆಗಳು ಚೆದುರಿರುತ್ತಿದ್ದವು. ಇಲ್ಲಿ ಗಂಟನ್ನು ನಿಧಾನವಾಗಿ ಬಿಚ್ಚಿ, ಎಳೆಗಳನ್ನು ನೇರ ಮಾಡಿ, ಅಚ್ಚುಕಟ್ಟಾಗಿ ಇಟ್ಟಿದ್ದರು. ತಲೆ ಎತ್ತಿದಾಗ ಟ್ರಂಪೆಟಿನವನು ನಿಂತಿದ್ದ.

"ಎಂತ ನೋಡ್ತೀರಿ? ನಾನಾ ಬಿಚ್ಚಿದ್ದು?"

ನಾನು ತಂತಿಯನ್ನು ಮತ್ತೆ ಸರಳಿಗೆ ಸುತ್ತತೊಡಗಿದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ, ಎಲ್ಲಿಗೆ ಹೊಡೆಯಬೇಕೆಂದು ಅವನೊಬ್ಬನಿಗೆ ಅಷ್ಟು ಬೇಗ ಹೇಗೆ ಹೊಳೆಯಿತು?

ರಾತ್ರಿ ಊಟದ ಹೊತ್ತಿಗೆ ಮರಳಿದ ಗೆಳೆಯನನ್ನು ಕೇಳಿದೆ. "ನಾನೇ ಬಿಚ್ಚಿದ್ದು ಮಾರಾಯ. ಗುಂಯ್ ಅಂತಿತ್ತಲ್ಲ," ಎಂದ, ಬ್ಯಾಂಡೇಜಿನ ಕೈ ನೋಡಿಕೊಂಡು.

"ಯಾವಾಗ?"

"ನೀನು ಚಹಾಕ್ಕೆ ಹೋದಾಗ."

"ನೀನೂ ನನ್ನೊಟ್ಟಿಗೆ ಬಂದಿದ್ದೆಯಲ್ಲ?"

"ನಾಳೆ ಮದುವೆ ಉಂಟು," ಎಂದ. "ಟ್ರಂಪೆಟ್ ಇಲ್ಲದೆ ಮದುಮಕ್ಕಳ ಮಾರ್ಚ್ ಹೇಗೆ? ಬಿಡು."

ಮರುದಿನ ಮದುವೆಯ ಸಭಾಂಗಣದಲ್ಲಿ ನಾನು ವೇದಿಕೆಯ ಹಿಂದೆ, ರಬ್ಬರ್ ಚಪ್ಪಲಿ ಹಾಕಿ, ಅರ್ತ್ ತಂತಿಯ ಪಕ್ಕದಲ್ಲೇ ಕುಳಿತೆ. ಗೆಳೆಯ ಎಡಗೈಯೊಂದರಿಂದಲೇ ನುಡಿಸಿದ. ತಿರುಗಣೆಯನ್ನು ಮುಟ್ಟಲೇ ಇಲ್ಲ. ಮದುಮಕ್ಕಳು ಒಳಗೆ ಬರುವಾಗ ಪೆಟ್ಟಿಗೆಯ ಶ್ರುತಿ ಎಂದಿನಂತೆ ಕೆಳಗೆ ಜಾರತೊಡಗಿತು. ಅವನ ಮುಖ ಬಿಳಿಚಿತು. ಆಗ ಟ್ರಂಪೆಟಿನವನು ಉಸಿರು ತೆಗೆದುಕೊಳ್ಳುವ ನೆಪದಲ್ಲಿ ತನ್ನ ವಾದ್ಯದ ನಳಿಗೆಯನ್ನು ಸ್ವಲ್ಪ ಹೊರಗೆಳೆದು, ತನ್ನ ಸ್ವರವನ್ನೇ ಇಳಿಸಿ ಪೆಟ್ಟಿಗೆಗೆ ಹೊಂದಿಸಿದ. ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಗೆಳೆಯ ಅವನ ಕಡೆ ತಿರುಗಿ ನಕ್ಕ.

ಅದು ಪಶ್ಚಾತ್ತಾಪವೋ, ಬರೀ ವಾದ್ಯದವನ ಮರ್ಯಾದೆಯೋ, ಇಂದಿಗೂ ಹೇಳಲಾರೆ. ಎಲ್ಲಾದರೂ ಅಂಥ ಹಳೆಯ ಪೆಟ್ಟಿಗೆಯ ಸ್ವರ ಬಾಯಿ ತೆರೆಯುತ್ತಾ ಏರಿದರೆ, ಅದು ಮುಚ್ಚುವವರೆಗೆ ನನ್ನ ಉಸಿರು ನಿಂತಿರುತ್ತದೆ. ಅಂದು ಮಾರ್ಚ್ ಮುಗಿಯುವವರೆಗೂ ನಾನು ತಂತಿಯ ಗಂಟಿನ ಮೇಲಿಂದ ಬೆರಳು ತೆಗೆಯಲಿಲ್ಲ.