ಮಾರಮ್ಮನಿಗೆ ಕಣ್ಣು ತೆಗೆದವರು

ಪಕ್ಕದ ಮನೆಗೆ ಕಲ್ಲು ಹಾಸುತ್ತಿದ್ದಾರೆ. ನೀರು ಬಿದ್ದ ಕಲ್ಲುಪುಡಿಯ ವಾಸನೆ ಬೆಳಗಿನಿಂದ ಮೂಗಿಗೆ ಬಡಿಯುತ್ತಿದೆ... ಶಿವಾರಪಟ್ಟಣದಲ್ಲಿ ನಮ್ಮ ನೆರೆಮನೆಯ ಆಚಾರ್ರ ಮೈಯೂ ಹೀಗೇ ನಾರುತ್ತಿತ್ತು. ವಿಗ್ರಹ ಕೆತ್ತುವವರು.

ಆಗ ನಾನು ಬೆಂಗಳೂರಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ, ಆ ಜಂಬವೂ ಇತ್ತು. ರಜೆಯಲ್ಲಿ ಮಾಲೂರಿಗೆ ಟೆಂಟ್ ಸಿನಿಮಾ ಬಂದಿತ್ತು, ಗ್ರೀಕರ ಪುರಾಣದ ಚಿತ್ರ. ಗಾಡಿ ಕಟ್ಟಿಕೊಂಡು ಆಚಾರ್ರೂ ನಾನೂ ಹೋದೆವು.

ಪರದೆಯ ಮೇಲೆ ತಲೆತುಂಬ ಹಾವಿನ ಹೆಣ್ಣು. ಅವಳ ಕಣ್ಣಿಗೆ ಕಣ್ಣು ಕೊಟ್ಟವರೆಲ್ಲ ಕಲ್ಲು.

"ನಮ್ಮತ್ತೇನೂ ಹಿಂಗೇ ನೋಡ್ತಾಳೆ ಕಣ್ಲಾ!" ಎಂದು ಯಾರೋ ಕೂಗಿದರು. ಟೆಂಟೆಲ್ಲ ನಗು. ಕೊನೆಗೆ ವೀರನೊಬ್ಬ ಅವಳತ್ತ ತಿರುಗದೆ, ಗುರಾಣಿಯ ಹೊಳಪಿನಲ್ಲಿ ಅವಳನ್ನು ನೋಡಿಕೊಂಡು ತಲೆ ಕಡಿದ. ಜನ ಶಿಳ್ಳೆ ಹೊಡೆದರು. ಆಚಾರ್ರು ಮಾತ್ರ ಕೈಕಟ್ಟಿ ಕೂತಿದ್ದರು.

"ಕಳ್ಳನ ಹಂಗೆ ಬಂದ ಕಣೋ," ಅಂದರು ಗಾಡಿಯಲ್ಲಿ. "ನಾವು ಮಾಡೋದೂ ಅದೇ ಅಲ್ವೇನೋ ಬಿ.ಎ.?"

ವಿಗ್ರಹಕ್ಕೆ ಕಣ್ಣು ತೆಗೆಯುವುದು ಕಟ್ಟಕಡೆಯ ಕೆಲಸ. ಕೆತ್ತುವವನು ಪಕ್ಕಕ್ಕೆ ಸರಿದು, ಕನ್ನಡಿಯಲ್ಲಿ ನೋಡಿಕೊಂಡೇ ಉಳಿ ಇಡಬೇಕು. ದೇವರ ಮೊದಲ ನೋಟ ಮನುಷ್ಯನ ಮೇಲೆ ಬೀಳಬಾರದು. ಲಕ್ಕೂರಿನ ಕಡೆಯ ಊರೊಂದಕ್ಕೆ ಹೋಗಬೇಕಿದ್ದ ಮಾರಮ್ಮ ಆಗ ಅವರ ಅಂಗಳದಲ್ಲಿ ಕಣ್ಣಿಲ್ಲದೆ ನಿಂತಿದ್ದಳು...

ಶುಕ್ರವಾರ ನಾನೂ ಅಂಗಳದಲ್ಲಿದ್ದೆ. ಅವರ ಹೆಂಡತಿ ಕನ್ನಡಿ ಹಿಡಿದು ಬಂದರು.

"ಒಳಗಿಡು. ತಾಯಿ ಮುಂದೆ ಮರೆ ಯಾಕೆ?" ಅಂದರು ಆಚಾರ್ರು.

"ಟೆಂಟಿಗೆ ಹೋಗಿ ಬಂದಾಗಿಂದ ಏನು ಮೆಟ್ಕೊಂಡಿದೆ ನಿಮ್ಗೆ? ಬೇಡಾಂದ್ರೆ ಬೇಡ. ನನ್ನಾಣೆ!"

ಅವರು ಕೇಳಲಿಲ್ಲ. ಎದುರಿಗೇ ಕೂತರು, ಮುಖವನ್ನು ಮುಖದ ಹತ್ತಿರ ಒಯ್ದರು. ಒಂದು ಕಣ್ಣು ತೆರೆಯಿತು. ಇನ್ನೊಂದರ ಕೊನೆಯ ಏಟಿಗೆ ಚಕ್ಕೆ ಸಿಡಿಯಿತು. ಆಚಾರ್ರು ಬಲಗಣ್ಣಿನ ಮೇಲೆ ಅಂಗೈ ಒತ್ತಿಕೊಂಡು, ಉಳಿದ ಕಣ್ಣಿಂದ ಅವಳನ್ನೇ ನೋಡುತ್ತಿದ್ದರು.

ಬರಬರುತ್ತ ಆ ಕಣ್ಣೂ ಹೋಯಿತು. ಒಂದರ ಗಾಯ ಇನ್ನೊಂದನ್ನೂ ತಿನ್ನುತ್ತದೆ ಎಂದರು ಡಾಕ್ಟರು. ನಾನು ಅದನ್ನೇ ನಂಬಿದೆ, ಈಗಲೂ ನಂಬುತ್ತೇನೆ. ಊರವರು ಮಾರಮ್ಮನ ಸಿಟ್ಟು ಎಂದರು. ಆ ಅಂಗಳಕ್ಕೆ ಮತ್ತೆ ಕಲ್ಲು ಬರಲಿಲ್ಲ.

ಒಂದು ದಿನ ಜಗಲಿಯ ಮೇಲೆ ಕೂತಿದ್ದವರು ನನ್ನ ದನಿಯ ಕಡೆ ತಿರುಗಿ ಹೇಳಿದರು: "ಸಿಟ್ಟಿರಲಿಲ್ಲ ಕಣೋ ಆ ತಾಯಿಗೆ. ಹೆದರ್ಕೊಂಡಿದ್ಳು."

ಕಣ್ಣು ತೆರೆದಾಗ ಅವಳು ಮೊದಲು ಕಂಡದ್ದು ಅವರ ಮುಖವನ್ನೇ...

ಆಚಾರ್ರು ಹೋಗಿ ಎಷ್ಟೋ ಕಾಲವಾಯಿತು. ಅವರ ಹೆಂಡತಿಯೂ ಇಲ್ಲ. ಲಕ್ಕೂರಿನ ಕಡೆಯ ಆ ಊರವರು ಮಾರಮ್ಮನಿಗೆ ದೊಡ್ಡ ಬೆಳ್ಳಿ ಕಣ್ಣು ಅಂಟಿಸಿದ್ದಾರೆ. ಅದರ ಕೆಳಗಿನ ಕಲ್ಲಿನ ಕಣ್ಣುಗಳನ್ನು ಆ ದಿನ ಅಂಗಳದಲ್ಲಿ ನಿಂತು ಕಂಡವರಲ್ಲಿ ಉಳಿದಿರುವವನು ನಾನೊಬ್ಬ. ಆಚಾರ್ರು ಹೇಳಿದ್ದು ನಿಜ. ಹೆದರಿದ ಕಣ್ಣೇ ಅವು.