ಆಮೆಯ ಪಕ್ಕ ಕೂತ ದನದ ಡಾಕ್ಟರು

ಅವರ ಎಡಗೈ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಬಲಗೈ ತುಂಬ ನರೆತ ರೋಮ. ಎಡಗೈ ಮಾತ್ರ ಬೆರಳಿನಿಂದ ಭುಜದ ತನಕ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಕೊಡದಂತೆ ನುಣ್ಣಗೆ. ಮೂವತ್ತು ವರ್ಷ ಆಕಳು ಎಮ್ಮೆಗಳ ಗಬ್ಬ ನೋಡಿದ, ಅಡ್ಡ ಸಿಕ್ಕ ಕರುಗಳನ್ನು ಒಳಗೇ ತಿರುಗಿಸಿ ಹೊರಗೆಳೆದ, ಪ್ರತಿ ಸಲವೂ ಸೋಪು ಹಚ್ಚಿ ಉಜ್ಜಿ ತೊಳೆದ ಕೈ ಅದು. ನಮ್ಮೂರಿನವರು ಈಗಲೂ ಹೇಳುವುದು, ನಮ್ಮ ಮನೆಯ ಆಮೆಯನ್ನು ಕೊಂದವರು ಅವರೇ ಎಂದು.

ನಮ್ಮ ಓಣಿಯ ಕಿರಾಣಿ ಅಂಗಡಿ ಕಾಕಾ ಈ ಕತೆಯನ್ನು ಬಂದವರಿಗೆಲ್ಲ ಹೇಳುತ್ತಾನೆ. "ಎಮ್ಮಿಗೆ ಹೊಡಿಯೋ ಔಷಧ ತಂದು ತಾಟಿನಷ್ಟು ಆಮಿಗೆ ಹೊಡದ. ಅದೇನ್ ಉಳೀತೈತಿ? ಹೊಡದ ಮ್ಯಾಲೆ ಅದರ ಮುಂದ ನಾಕ್ ತಾಸು ಕುಂತ. ತಪ್ಪು ಮಾಡಿದಾಂವ ಹಂಗ ಕುಂದ್ರತಾನ, ಇಲ್ಲಂದ್ರ ಯಾಂವ ಕುಂದ್ರತಾನ?"

ಎದುರಿನವರ ಮಾತಿನಲ್ಲಿ ನಿಜ ಇರುವಷ್ಟನ್ನು ಮೊದಲು ಒಪ್ಪಿಕೊಂಡುಬಿಡಬೇಕು ಎಂದು ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಒಪ್ಪುತ್ತೇನೆ. ಔಷಧದ ಬಾಟಲಿ ಎಮ್ಮೆಯದೇ. ಅವರು ನಾಲ್ಕು ತಾಸು ಕೂತದ್ದೂ ನಿಜ. ಆದರೆ ಬಾಟಲಿ ನೋಡಿದ ಕಾಕಾ ಸೂಜಿ ನೋಡಲಿಲ್ಲ. ಕೂತದ್ದನ್ನು ನೋಡಿದವನು ಯಾಕೆ ಕೂತರು ಎಂದು ಕೇಳಲಿಲ್ಲ. ನಾನು ಅಲ್ಲೇ ಇದ್ದೆ.

ನಮ್ಮೂರು ಕಾರಟಗಿಯ ಆಚೆ, ಕಾಲುವೆಗೆ ಹತ್ತಿಕೊಂಡು. ಡಾಕ್ಟರು ಹನುಮಸಾಗರದ ಕಡೆಯವರು, ಮನೆಮಾತು ಉರ್ದು. ಜನರ ಜೊತೆ ಕನ್ನಡ, ದನಗಳ ಜೊತೆ ಉರ್ದು: ಇದು ಅವರ ಪದ್ಧತಿ. ಒದೆಯುವ ಎತ್ತಿನ ಹಿಂದೆ ನಿಂತು "ಬಸ್ ಬೇಟಾ, ಹೋ ಗಯಾ ಬೇಟಾ" ಎನ್ನುತ್ತಲೇ ಮಾಲೀಕನ ಕಡೆ ತಿರುಗಿ "ಹಗ್ಗ ಬಿಗಿ ಹಿಡೀರಿ, ಬಾಯಿ ತಕ್ಕೊಂಡು ಏನ್ ನೋಡ್ತೀರಿ" ಎಂದು ಗದರುವರು. ಯಾವ ಪ್ರಾಣಿ ತಂದರೂ ಮೊದಲು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿ, ಅದರ ಕಿವಿಯನ್ನು ಬುಡದಲ್ಲಿ ಹಿಡಿಯುತ್ತಿದ್ದರು. ಜ್ವರ ಇದ್ದರೆ ಅಲ್ಲಿಯೇ ತಿಳಿಯುತ್ತಿತ್ತಂತೆ.

ಅವರು ಪ್ರಾಣಿಯ ಮೇಲಷ್ಟೇ ಕಣ್ಣಿಡುತ್ತಿದ್ದರು. ಮಾಲೀಕನ ಮಾತನ್ನು ಅರ್ಧವೇ ನಂಬುವರು. ಒಮ್ಮೆ ಪಕ್ಕದ ಮನೆಯ ಎತ್ತು ನಾಲ್ಕು ದಿನದಿಂದ ಮೇವು ಬಿಟ್ಟಿತ್ತು. ಮನೆಯವರು ದೃಷ್ಟಿ ಎಂದರು, ಹೊಟ್ಟೆ ಎಂದರು, ಹಲ್ಲು ಎಂದರು. ಡಾಕ್ಟರು ಒಂದು ಕಡೆ ನೀರಿನ ಬಕೀಟು, ಇನ್ನೊಂದು ಕಡೆ ಹಸಿ ಮೇವು ಇಡಿಸಿ, ಹಗ್ಗ ಬಿಚ್ಚಿಸಿ, ಕಟ್ಟೆ ಮೇಲೆ ಕೂತುಬಿಟ್ಟರು. ಅರ್ಧ ತಾಸು. ಎತ್ತು ಮೇವಿಗೆ ಮೂತಿ ಹಚ್ಚಿತು, ಕಚ್ಚಿತು, ಬಿಟ್ಟಿತು. "ಹಸಿವು ಐತಿ. ಬಾಯಾಗ ಏನೋ ಚುಚ್ಚೈತಿ" ಎಂದು ಎದ್ದರು. ನಾಲಿಗೆಯ ಅಡಿ ತಂತಿಯ ತುಂಡು ಸಿಕ್ಕಿತು. ಅವತ್ತು ಅಂದದ್ದು ನನಗೆ ನೆನಪಿದೆ: "ಬಾಯಿ ಇಲ್ಲದ್ದಕ್ಕ ಪ್ರಶ್ನಿ ಕೇಳಬಾರ್ದು. ಎರಡು ದಾರಿ ಬಿಟ್ಟು ಸುಮ್ಮಕ ಕುಂದ್ರಬೇಕು."

ಆಮೆ ನಮ್ಮ ಮನೆಗೆ ಬಂದದ್ದು ಅಪ್ಪನಿಂದ. ಅಪ್ಪ ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಮಾಲೀಕರ ಮನೆಯಲ್ಲಿ ಮಕ್ಕಳಿಗೆಂದು ತಂದಿದ್ದ, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇದ್ದ ಆಮೆಮರಿ ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸದಷ್ಟು ಬೆಳೆದಿತ್ತು. ಕಾಲುವೆಗೆ ಎಸೆದು ಬಾ ಎಂದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಕಾಲುವೆ ದಾಟಿ ಮನೆಗೇ ತಂದ. ಹಳೆಯ ಪ್ಲಾಸ್ಟಿಕ್ ನೀರಿನ ಟ್ಯಾಂಕನ್ನು ಅರ್ಧಕ್ಕೆ ಕೊಯ್ದು ಅಂಗಳದಲ್ಲಿ ಇಟ್ಟ. ಯಾಕೆ ತಂದೆ ಎಂದು ಅವ್ವ ಕೇಳಿದರೆ, "ಇರ್ಲಿ ಬಿಡ" ಅಂದ. ಮೊದಲಿನಿಂದಲೂ ಅವನದು ಅಷ್ಟೇ ಮಾತು.

ಎರಡು ವರ್ಷದ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಯಿತು. ಉಳಿದದ್ದು "ಹೂಂ" ಒಂದೇ. ಚಹಾ ಬೇಕಾ? ಹೂಂ. ಬ್ಯಾಡಾ? ಹೂಂ. ಗಂಗಾವತಿಯ ಡಾಕ್ಟರು ಮೊದಲೇ ಹೇಳಿದ್ದರು, ಇವರ ಹೌದು, ಅಲ್ಲ ಎರಡೂ ಅದಲುಬದಲಾಗುತ್ತವೆ, ತಲೆ ಆಡಿಸಿದರೂ ನಂಬಬೇಡಿ. ನಾವು ಅದನ್ನು ನಮಗೆ ಅನುಕೂಲವಾಗುವಂತೆ ಅರ್ಥ ಮಾಡಿಕೊಂಡು, ಅವನನ್ನು ಏನನ್ನೂ ಕೇಳುವುದನ್ನೇ ಬಿಟ್ಟೆವು. ಬಂದ ನೆಂಟರು "ಜಾಣ ಅದಾನ ನಮ್ ರಾಜಾ, ಎಲ್ಲಾ ಉಂಡಾನ" ಎಂದು ಕೂಸಿನ ಜೊತೆ ಮಾತಾಡಿದಂತೆ ಮಾತಾಡುವರು.

ಅಪ್ಪ ಪಡಸಾಲೆಯ ಕುರ್ಚಿಯಲ್ಲಿ ಕೂರುತ್ತಿದ್ದ. ಅವನ ಕಣ್ಣೆದುರಿಗೆ ಇರಲಿ ಎಂದು ನಾವು ಆಮೆಯ ಟ್ಯಾಂಕನ್ನೂ ಅಂಗಳದಿಂದ ಒಳಗೆ ತಂದೆವು. ಅವನು ಎಡಗೈ ಚಾಚಿ ಮಂಡಕ್ಕಿ ಹಾಕಿದರೆ ಆಮೆ ಅಂಚಿಗೆ ಬಂದು ಕತ್ತು ಎತ್ತುತ್ತಿತ್ತು. ದಿನವೆಲ್ಲ ಗೋಡೆ ನೋಡುವ ಮನುಷ್ಯ ಆಗ ಮಾತ್ರ ಬಗ್ಗುತ್ತಿದ್ದ. ಬೇರೆ ಯಾವುದಕ್ಕೂ ಅವನು ಬಗ್ಗಿದ್ದನ್ನು ನಾನು ಕಂಡಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿತ್ತು. ಅವ್ವನೂ ಹೋಗಿದ್ದಳು. ಅಪ್ಪ ಟ್ಯಾಂಕಿನ ಅಂಚನ್ನು ಎಡಗೈಯಿಂದ ಬಡಿಯತೊಡಗಿದ. ನಿಲ್ಲಿಸಲೇ ಇಲ್ಲ. ಹೋಗಿ ನೋಡಿದರೆ ಆಮೆ ಒಂದು ಮಗ್ಗುಲಿಗೆ ವಾಲಿಕೊಂಡು ತೇಲುತ್ತಿತ್ತು; ಮುಳುಗಲು ಹವಣಿಸಿದರೂ ಆಗುತ್ತಿಲ್ಲ. ಕಣ್ಣು ಊದಿ ಮುಚ್ಚಿದ್ದವು. ಮೂಗಿನಲ್ಲಿ ಗುಳ್ಳೆ. ಕತ್ತು ಚಾಚಿ ಬಾಯಿ ತೆರೆದು, ಉಸಿರು ಸಿಗದೆ ಮತ್ತೆ ತೆರೆಯುತ್ತಿತ್ತು. ಎಂಟು ದಿನದಿಂದ ಮಂಡಕ್ಕಿ ಹಾಗೇ ತೇಲುತ್ತಿದ್ದುದನ್ನು ನಾನೇ ತೆಗೆದು ಚೆಲ್ಲಿದ್ದೆ. ಚಳಿ, ಅದಕ್ಕೇ ತಿನ್ನುತ್ತಿಲ್ಲ ಅಂದುಕೊಂಡಿದ್ದೆ.

ಇಂಥ ಪ್ರಾಣಿಗಳನ್ನೇ ನೋಡುವ ಬೆಂಗಳೂರಿನ ಡಾಕ್ಟರೊಬ್ಬರ ನಂಬರು ಹುಡುಕಿ ಫೋನ್ ಮಾಡಿದೆ. ಎಕ್ಸ್‌ರೇ ಬೇಕು, ಆಕ್ಸಿಜನ್ ಬೇಕು, ಕೂಡಲೇ ಕರೆತನ್ನಿ ಅಂದರು. ಅಷ್ಟು ದೂರದ ಹಾದಿಯಲ್ಲಿ ಅದು ಉಳಿಯುತ್ತದೆಯೇ ಎಂದು ಕೇಳಿದೆ. ಹೇಳಲಾರೆ ಅಂದರು. ಅಪ್ಪನ ಹತ್ತಿರ ಪಕ್ಕದ ಮನೆಯ ಅಜ್ಜಿಯನ್ನು ಕೂರಿಸಿ, ಬಕೀಟಿನಲ್ಲಿ ಒದ್ದೆ ಟವೆಲ್ ಹಾಕಿ, ಸ್ಕೂಟಿಯಲ್ಲಿ ಆಮೆಯನ್ನು ದನದ ದವಾಖಾನೆಗೆ ಒಯ್ದೆ. ಹಬ್ಬ ಎಂದು ಯಾರೂ ಇರಲಿಲ್ಲ. ಡಾಕ್ಟರು ಒಬ್ಬರೇ ಒಂದು ಕುರಿಯ ಕಾಲು ತೊಳೆಯುತ್ತಿದ್ದರು.

"ಏನ್ ತಂದೀ ತಂಗಿ, ಕೋಳಿ?"

"ಆಮಿರಿ."

ಗಡಿಯಾರ ಬಿಚ್ಚಿದರು. ರೂಢಿಯಂತೆ ಕಿವಿಗೆ ಕೈ ಹೋಯಿತು, ಗಾಳಿಯಲ್ಲೇ ನಿಂತಿತು. "ಕಾನ್‌ಇಚ್ ನೈ ರೇ ತೇರೆಕು" ಅಂದರು, ನಿನಗೆ ಕಿವಿಯೇ ಇಲ್ಲವಲ್ಲೋ ಎಂದು. ಆಮೇಲೆ ಆ ಕೆಂಪು ಪಟ್ಟಿಯ ಮೇಲೆ ಮೆಲ್ಲಗೆ ಬೆರಳಿಟ್ಟರು.

"ಆಮಿಗೆ ಔಷಧ ಮಾಡೀರೇನ್ರಿ ಮೊದಲ?"

"ಇಲ್ಲ."

"ಓದೀರಿ?"

"ಕಾಲೇಜಿನ್ಯಾಗ ಒಂದು ಪಾಠ ಇತ್ತು. ಅವತ್ತ ನನಗ ಜ್ವರ."

"ಗೊತ್ತಿಲ್ಲದ ಹೆಂಗ ಮುಟ್ಟತೀರ್ರಿ?" ನನ್ನ ದನಿ ಏರಿತ್ತು.

"ಗೊತ್ತಿದ್ದಾಂವ ಎಲ್ಲಿ ಅದಾನ?"

"ಬೆಂಗಳೂರಾಗ."

"ಆಮಿ ಎಲ್ಲೈತಿ?"

ನಾನು ಟವೆಲ್ ಬಿಚ್ಚಿದೆ.

"ಹಂಗಾರ ಗಟ್ಟಿ ಹಿಡಕೋರಿ ವಕೀಲ್ರ. ಬಾಯಿ ನೋಡ್ತೀನಿ, ಕಡದೀತು."

ಮೃಗಾಲಯವೊಂದರಲ್ಲಿ ಕೆಲಸ ಮಾಡುವ ತಮ್ಮ ಕಾಲೇಜಿನ ಕಿರಿಯನೊಬ್ಬನಿಗೆ ಫೋನ್ ಹಚ್ಚಿ, ತಮಗಿಂತ ಇಪ್ಪತ್ತು ವರ್ಷ ಚಿಕ್ಕವನ ಹತ್ತಿರ "ಇನ್ನೊಮ್ಮೆ ಹೇಳಪಾ, ಬರಕೋತೀನಿ" ಎಂದು ಎಲ್ಲ ಕೇಳಿಕೊಂಡರು. ಪುಪ್ಪುಸಕ್ಕೆ ಸೋಂಕು, ಬಹಳ ತಡವಾಗಿದೆ ಎಂದು ತಿಳಿಯಿತು. ದವಾಖಾನೆಯಲ್ಲಿ ಇದ್ದದ್ದು ಎಮ್ಮೆಗೆ ಕೊಡುವ ಔಷಧದ ಬಾಟಲಿ. ಆಮೆಯನ್ನು ತಕ್ಕಡಿಯಲ್ಲಿ ತೂಗಿ, ಕಾಗದದಲ್ಲಿ ಎರಡು ಸಲ ಲೆಕ್ಕ ಹಾಕಿ, ಸಕ್ಕರೆ ಕಾಯಿಲೆಯವರ ಸಣ್ಣ ಸೂಜಿಯಲ್ಲಿ ಹನಿಯಷ್ಟು ಎಳೆದು ಮುಂಗಾಲಿಗೆ ಚುಚ್ಚಿದರು. ಊರು ಹೇಳುವ ಎಮ್ಮೆ ಸೂಜಿ ಇದೇ. ಕೋಳಿಮರಿಗಳಿಗೆ ಶಾಖ ಕೊಡುವ ಬಲ್ಬೊಂದನ್ನೂ ಕೊಟ್ಟು ಕಳಿಸಿದರು.

ಮರುದಿನ ಮನೆಗೇ ಬಂದರು. ಟ್ಯಾಂಕು ಇಟ್ಟ ಜಾಗ ನೋಡಿದರು, ತಲೆಯ ಮೇಲಿನ ಮಾಡು ನೋಡಿದರು. ನನ್ನನ್ನು ಅಂಗಳಕ್ಕೆ ಕರೆದು ಮೆಲ್ಲಗೆ ಕೇಳಿದರು:

"ಇದು ಬಿಸಲು ಕಂಡು ಎಷ್ಟು ದಿನ ಆತು?"

"ಅಪ್ಪಗ ಹುಷಾರಿಲ್ಲದಾಗಿಂದ ಒಳಗೈತ್ರಿ."

"ಬಿಸಲಿಲ್ಲ. ಬರೇ ಮಂಡಕ್ಕಿ. ಅದಕ್ಕ ಮೈಯಾಗ ತಾಕತ್ತಿಲ್ಲ, ಕಣ್ಣು ಬಾತಾವ. ಇದನ್ನ ಯಜಮಾನ್ರ ಮುಂದ ಅನಬ್ಯಾಡ್ರಿ."

ಹೀಗೆ ಆ ಎಮ್ಮೆ ಬಾಟಲಿ ಹಿಡಿದು ಐದು ದಿನ ಬಂದರು. ಸೂಜಿ ಹಾಕಿ, ಅಪ್ಪನ ಪಕ್ಕ ನೆಲದ ಮೇಲೆ ಕೂತು, ಕನ್ನಡದಲ್ಲಿ, ಬಹುವಚನದಲ್ಲಿ, ಆಮೆಯ ಸ್ಥಿತಿಯನ್ನು ಅಪ್ಪನಿಗೇ ಹೇಳುತ್ತಿದ್ದರು. "ನಿನ್ನಿಗಿಂತ ಉಸಿರು ಕಡಿಮಿ ಆಗೈತ್ರಿ. ಸುಳ್ಳು ಹೇಳಂಗಿಲ್ಲ ನಾ." ಅಪ್ಪ "ಹೂಂ" ಎನ್ನುತ್ತಿದ್ದ. ಅವ್ವ ಬಾಗಿಲಲ್ಲಿ ನಿಂತು, "ಅವರಿಗೆ ತಿಳಿಯಂಗಿಲ್ರಿ ಸಾಹೇಬ್ರ" ಎಂದರೆ, "ಇರ್ಲಿರಿ, ಹೇಳೋದು ನನ್ನ ಕೆಲಸ" ಅನ್ನುವರು.

ಆರನೆಯ ದಿನ ಆಮೆಯ ಕತ್ತು ಒಳಗೆಳೆದುಕೊಳ್ಳಲಾಗದೆ ಹೊರಗೆ ಜೋತಿತ್ತು. ಒಂದು ಉಸಿರಿಗೂ ಮತ್ತೊಂದಕ್ಕೂ ನಡುವೆ ನಾನು ಎಣಿಸುವಷ್ಟು ಹೊತ್ತು. ಪ್ರತಿ ಉಸಿರಿಗೂ ನಾಲ್ಕು ಕಾಲೂ ಸೆಟೆಯುತ್ತಿದ್ದವು. ಡಾಕ್ಟರು ಬಹಳ ಹೊತ್ತು ನೋಡಿ, ಇನ್ನು ನರಳಿಸುವುದು ಬೇಡ, ನಿದ್ದೆ ಬರಿಸಿ ಮುಗಿಸಿಬಿಡೋಣ ಅಂದರು. ಅವ್ವ ಪಾಪ ಸುತ್ತಿಕೊಳ್ಳುತ್ತದೆ ಎಂದು ಅತ್ತಳು. ನಾನು ಇನ್ನೆರಡು ದಿನ ನೋಡೋಣ, ಬೇರೆ ಔಷಧ ಇರಬಹುದು ಎಂದು ವಾದಿಸಿದೆ. ನನ್ನ ವಾದ ಪೂರ್ತಿ ಕೇಳಿಸಿಕೊಂಡು, "ಆಮಿ ಯಾರದು?" ಅಂದರು.

"ಅಪ್ಪಂದು."

"ಅವರಿಗೆ ಕೇಳೋಣಂತ."

"ಅವನ ಹೂಂ ನಂಬಬ್ಯಾಡ್ರಿ ಅಂತ ಗಂಗಾವತಿ ಡಾಕ್ಟರ್ ಹೇಳ್ಯಾರ."

"ಹೂಂ ಕೇಳಂಗಿಲ್ಲ ನಾ."

ಆಮೆಯನ್ನು ಟವೆಲಿನ ಸಮೇತ ಅಪ್ಪನ ತೊಡೆಯ ಮೇಲೆ ಇಟ್ಟರು. ಅಪ್ಪನ ಎಡಗೈ ಎತ್ತಿ ಅದರ ಬೆನ್ನ ಮೇಲಿಟ್ಟರು. "ಯಜಮಾನ್ರ, ಇನ್ನ ನೋಡೋಣು ಅಂದ್ರ ಕೈ ಹಂಗ ಇಡ್ರಿ. ಸಾಕು ಅಂದ್ರ ತಗೀರಿ. ಅವಸರಿಲ್ಲ."

ನನಗೆ ಸಿಟ್ಟು ಬಂತು. ಎತ್ತಿಗೆ ನೀರು ಮೇವು ಇಟ್ಟ ಹಾಗೆ! "ನಮ್ಮಪ್ಪ ದನ ಅಲ್ರಿ" ಎಂದೆ.

ಅವರು ತಲೆ ಎತ್ತಲಿಲ್ಲ. "ಅಲ್ಲ ತಂಗಿ. ಆದ್ರ ದನಕ್ಕೂ ನಾ ಕೇಳ್ತೀನಿ. ಇವರಿಗೆ ನೀವು ಯಾರೂ ಕೇಳವಲ್ರಿ."

ಕಾದೆವು. ಅಪ್ಪ ಆಮೆಯನ್ನೇ ನೋಡುತ್ತಿದ್ದ. ಎಷ್ಟು ಹೊತ್ತೆಂದು ಹೇಳಲಾರೆ. ಅವ್ವನ ಅಳು ನಿಂತು ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂತು, ಯಾರೂ ಏಳಲಿಲ್ಲ. ಆಮೇಲೆ ಅಪ್ಪನ ಕೈ ಚಿಪ್ಪಿನಿಂದ ಸರಿದು ಕುರ್ಚಿಯ ತೋಳಿನ ಮೇಲೆ ಬಂತು. ಡಾಕ್ಟರು ಮತ್ತೊಮ್ಮೆ ಅದನ್ನು ಎತ್ತಿ ಚಿಪ್ಪಿನ ಮೇಲಿಟ್ಟು ಕಾದರು. ಮತ್ತೆ ಸರಿಯಿತು.

"ಆತ್ರಿ" ಅಂದರು. ಆಮೆಗೆ ಉರ್ದುವಿನಲ್ಲಿ ಏನೋ ಹೇಳಿದರು, ನನಗೆ ಕೇಳಲಿಲ್ಲ. ಮೊದಲು ನಿದ್ದೆಯ ಔಷಧ, ಆಮೇಲೆ ಇನ್ನೊಂದು.

ಕಾಕಾ ನೋಡಿದ್ದು ಇದಾದ ಮೇಲಿನದನ್ನು. ಆಮೆಯ ಎದೆ ಜಲ್ದಿ ನಿಲ್ಲುವುದಿಲ್ಲ, ಸತ್ತಂತೆ ಕಂಡರೂ ಒಳಗೆ ಬಡಿಯುತ್ತಿರುತ್ತದೆ ಎಂದು ಮೃಗಾಲಯದ ಆ ಕಿರಿಯ ಡಾಕ್ಟರು ಹೇಳಿದ್ದರಂತೆ. "ಜೀವ ಇದ್ದಾಗ ಮಣ್ಣಿಗೆ ಹಾಕಬಾರ್ದು" ಎಂದು ಗೋಡೆಗೆ ಒರಗಿ ಕೂತರು. ಸ್ವಲ್ಪ ಸ್ವಲ್ಪ ಹೊತ್ತಿಗೆ ಬಗ್ಗಿ ಸ್ಟೆತಸ್ಕೋಪಿನ ಕೊಳವೆ ಹಚ್ಚಿ ಕೇಳುವರು. ಅವ್ವ ರೊಟ್ಟಿ ಕೊಟ್ಟರೆ ಒಲ್ಲೆ ಅಂದರು. ಹೀಗೆ ನಾಲ್ಕು ತಾಸು. ಎದೆ ಪೂರ್ತಿ ನಿಂತ ಮೇಲೆ ತಾವೇ ಅಂಗಳದಲ್ಲಿ ಗುಂಡಿ ತೋಡಿದರು.

ಅವರು ನಿವೃತ್ತರಾಗಿ ಊರಿಗೆ ಹೋದರು. ಮರುವರ್ಷ ಕಿಡ್ನಿ ಕೆಟ್ಟು ತೀರಿಕೊಂಡರಂತೆ. ದವಾಖಾನೆಯ ಕಾಂಪೌಂಡರು ನನಗೆ ಹೇಳುವಷ್ಟರಲ್ಲಿ ಮಣ್ಣಾಗಿ ವಾರವಾಗಿತ್ತು. ಒಂದು ಸಲ ಹನುಮಸಾಗರಕ್ಕೆ ಹೋಗಿ ಅವರ ಜೊತೆ ವಾದ ಮಾಡಬೇಕೆಂದಿದ್ದೆ. ಕಾಕಾನ ಮಾತನ್ನು ನಾನು ಎಲ್ಲಿ ಬೇಕಾದರೂ ಮುರಿಯಬಲ್ಲೆ. ನನ್ನದೇ ಅನುಮಾನವೊಂದನ್ನು ಮುರಿಯಲಾಗಿಲ್ಲ. ಅಪ್ಪನ ಎಡಗೈಯಲ್ಲೂ ಈಗ ಬಲ ಕಡಿಮೆ. ಲೋಟ ಹಿಡಿದರೆ ಸ್ವಲ್ಪ ಹೊತ್ತಿಗೆ ಕೆಳಗಿಳಿಯುತ್ತದೆ. ಆಗಲೂ ಹಾಗೇ ಇತ್ತೋ ಏನೋ, ನಾವು ಗಮನಿಸಿರಲಿಲ್ಲ. ಎರಡು ಸಲ ಇಟ್ಟರು, ಎರಡು ಸಲವೂ ಸರಿಯಿತು. ಎರಡು ಸಲವೂ ದಣಿದಿರಬಾರದೇ?

ಆಮೆ ಹೋದ ಮೇಲೆ ಅಪ್ಪ "ಹೂಂ" ಅನ್ನುವುದನ್ನೂ ಬಿಟ್ಟಿದ್ದಾನೆ. ಖಾಲಿ ಟ್ಯಾಂಕು ಅಂಗಳಕ್ಕೆ ಹೋಗಿದೆ. ನಾನು ಅವನ ಕುರ್ಚಿಯ ಮುಂದೆ, ಡಾಕ್ಟರು ಕೂರುತ್ತಿದ್ದ ಹಾಗೆ ನೆಲದ ಮೇಲೆ ಕೂತು ಕೇಳಿದ್ದೇನೆ, ಒಂದು ಸಲ ಅಲ್ಲ: ಅಪ್ಪಾ, ಅವತ್ತ ನೀ ಕೈ ತಗದಿಯೋ, ಇಲ್ಲಾ ಕೈ ಸೋತು ಜಾರಿತೋ?