ರೊಟ್ಟಿ ಕಿಂಡಿಯ ಅತ್ತಿ

ಮೊಣಕೈವರೆಗೆ ಸರಿಸಿದ ಹಸಿರು ಬಳೆ, ಅಂಗೈ ಗೆರೆಗಳಲ್ಲಿ ಒಣಗಿ ಕೂತ ಜೋಳದ ಹಿಟ್ಟು, ಹೆಬ್ಬೆರಳಿನ ಬುಡದಲ್ಲಿ ಹಂಚು ತಾಗಿ ಸುಟ್ಟ ಹಳೆಯ ಕಲೆ, ಆ ಕೈಯ ಮೇಲೆ ಹಬೆಯಾಡುವ ಒಂದು ರೊಟ್ಟಿ. ಎಷ್ಟೋ ವರ್ಷ ನಾನು ಅತ್ತಿಯನ್ನು ಕಂಡದ್ದು ಇಷ್ಟೇ. ಗೋಡೆಯ ಕಿಂಡಿಯಿಂದ ಕೈ ಹೊರಗೆ ಬರುತ್ತಿತ್ತು, ನಾನು ರೊಟ್ಟಿ ತೆಗೆದುಕೊಳ್ಳುತ್ತಿದ್ದೆ, ಕೈ ಒಳಗೆ ಹೋಗುತ್ತಿತ್ತು. ಮುಖ ಹೇಗಿದೆ ಎಂದು ಗೊತ್ತಿರಲಿಲ್ಲ. ದನಿ ಮಾತ್ರ ಅರ್ಧ ಬೈಲಹೊಂಗಲಕ್ಕೆ ಗೊತ್ತಿತ್ತು. ಅತ್ತಿ ಎಂದು ಎಲ್ಲರೂ ಏಕವಚನದಲ್ಲೇ ಕರೆಯುತ್ತಿದ್ದೆವು. ಉಣ್ಣಲು ಕೊಡುವವಳನ್ನು ಬಹುವಚನದಲ್ಲಿ ಯಾರು ಕರೆಯುತ್ತಾರೆ?

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಕೆಯ ಖಾನಾವಳಿ. ಸಂತೆಯ ದಿನ ಅಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಮಾರ್ಕೆಟ್ ಯಾರ್ಡಿನ ಹಮಾಲರು, ಕೋರ್ಟಿಗೆ ಬಂದವರು, ಕಾಲೇಜು ಹುಡುಗಿಯರು, ಬಸ್ ಡ್ರೈವರುಗಳು, ನನ್ನಂಥ ಹಳ್ಳಿಯ ರೈತರು, ಎಲ್ಲರೂ ಒಂದೇ ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕೂಡಬೇಕು. ಬಡಿಸುವವರು ಇಲ್ಲ. ಗಂಗಾಳ ನೀವೇ ತೆಗೆದುಕೊಳ್ಳಿ, ಕಟ್ಟೆಯ ಮೇಲಿನ ಪಾತೇಲಿಗಳಿಂದ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ನೀವೇ ಹಾಕಿಕೊಳ್ಳಿ, ಬುಟ್ಟಿಯಿಂದ ಉಳ್ಳಾಗಡ್ಡಿ ಎತ್ತಿ ನೀವೇ ಗುದ್ದಿ ಒಡೆಯಿರಿ. ಹೋಗುವಾಗ ಬಾಗಿಲ ಬಳಿಯ ಡಬ್ಬಿಯಲ್ಲಿ ದುಡ್ಡು ಹಾಕಿ. ಹೊಟ್ಟೆ ಬಿರಿಯುವಂತೆ ಉಂಡರೂ ಜೇಬು ಹಗುರಾಗುತ್ತಿರಲಿಲ್ಲ. ಅತ್ತಿಯ ಗಂಡ ಬೆಳಿಗ್ಗೆ ಪಲ್ಯ ಮಾಡಿಟ್ಟು, ಜಗಲಿಯ ಮೇಲೆ ಮುಖಕ್ಕೆ ಟಾವೆಲ್ಲು ಹಾಕಿಕೊಂಡು ಮಲಗಿಬಿಡುವ ಪುಣ್ಯಾತ್ಮ. ಯಾರು ಬಂದರು, ಯಾರು ಹೋದರು ಎಂಬ ಗೊಡವೆ ಅವನಿಗಿರಲಿಲ್ಲ. ಆ ಗದ್ದಲದಲ್ಲೂ ಗೊರಕೆ ಹೊಡೆಯುತ್ತಿದ್ದ.

ರೊಟ್ಟಿ, ಮಜ್ಜಿಗೆ ಮಾತ್ರ ಕಿಂಡಿಯಿಂದ. ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಚೌಕದ ಒಂದು ಕಿಂಡಿ. ಅತ್ತಿ ಹೊಸ ಸೊಸೆಯಾಗಿ ಬಂದಾಗ, ಪರಗಂಡಸರ ಮುಂದೆ ಸೊಸೆ ಸುಳಿಯಬಾರದೆಂದು ಅವಳ ಅತ್ತೆ ಇಡಿಸಿದ್ದು. ಒಲೆಯ ಮುಂದೆ ಮಣೆಯ ಮೇಲೆ ಕೂತರೆ ಅವಳಿಗೆ ನಮ್ಮ ಕಾಲು, ನಮಗೆ ಅವಳ ಕೈ. ಆ ಅತ್ತೆ ಹೋಗಿ ಎಷ್ಟೋ ಕಾಲವಾಗಿತ್ತು. ಕಿಂಡಿ ಹಾಗೇ ಉಳಿದಿತ್ತು. ದೊಡ್ಡದು ಮಾಡಿಸಬಾರದೇ ಎಂದು ಒಮ್ಮೆ ಕೇಳಿದೆ.

"ಯಾಕ ಬೇಕೋ ಯಪ್ಪಾ? ರೊಟ್ಟಿ ಹೋಗಾಕ ಇಷ್ಟ ಸಾಕು. ಮಾತಂತೂ ಗ್ವಾಡಿ ಹಾದು ಬರತಾವು."

ಹೀಗಾಗಿ ಆಕೆ ಗಿರಾಕಿಗಳನ್ನು ಗುರುತಿಸುತ್ತಿದ್ದದ್ದು ದನಿಯಿಂದ. "ಅತ್ತೀ, ರೊಟ್ಟಿ" ಎಂದರೆ ಸಾಕು, ಯಾರಿಗೆ ಕಟಕ್ ಎನ್ನುವಂತೆ ಸುಡಬೇಕು, ಹಲ್ಲಿಲ್ಲದ ಯಾರಿಗೆ ಮೆತ್ತಗೆ ಇಳಿಸಬೇಕು ಎಂದು ಗೊತ್ತಾಗುತ್ತಿತ್ತು. ದಿನಾ ಜೋರಾಗಿ ಕೂಗುವ ಒಬ್ಬ ವಕೀಲರು ಒಂದು ಮಧ್ಯಾಹ್ನ ಸಣ್ಣ ದನಿಯಲ್ಲಿ ಕೇಳಿದರು. ರೊಟ್ಟಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಬಂತು. "ಕೇಸ ಸೋತ್ರಿ ಕಾಣತದ. ಉಣ್ರಿ ಸಾಹೇಬ್ರ, ಜಡ್ಜ ಸಾಹೇಬ್ರೂ ಇಷ್ಟೊತ್ತಿಗೆ ಉಣ್ಣಾಕತ್ತಿರತಾರ!" ಬೆಂಚಿನವರೆಲ್ಲ ನಕ್ಕರು, ವಕೀಲರೂ ನಕ್ಕರು. ಉಂಡವರ ಮನೆಯ ಸುದ್ದಿಯೆಲ್ಲ ಆ ಕಿಂಡಿಯೊಳಗೆ ಹೋಗುತ್ತಿತ್ತು. ಮುಖ ಕಾಣದ ಹೆಂಗಸಿನ ಮುಂದೆ ಗಂಡಸರು ಬಾಯಿ ಬಿಟ್ಟಷ್ಟು ಹೆಂಡತಿಯ ಮುಂದೆಯೂ ಬಿಡುವುದಿಲ್ಲ. ನಾನೇನು ಬೇರೆಯವನಲ್ಲ.

ನಮ್ಮ ಊರು ಸಂಗೊಳ್ಳಿಯ ಕಡೆ. ನಾನು ಮತ್ತು ನನ್ನ ಅಣ್ಣ, ಇಬ್ಬರೇ ಮಕ್ಕಳು. ನಮ್ಮ ಮನೆತನದ ಗಂಡಸರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೊಲ ಪಾಲಾದ ಮೇಲೆ, ಬದುವಿನ ಮೇಲೆ ಅಪ್ಪ ನೆಟ್ಟಿದ್ದ ಬೇವಿನ ಮರವನ್ನು ಅಣ್ಣ ನನಗೊಂದು ಮಾತು ಹೇಳದೆ ಕಡಿಸಿದ. ನಾನು ಹಿರಿಯರನ್ನು ಕೂಡಿಸಿ ಎಲ್ಲರೆದುರು ಬಾಯಿಗೆ ಬಂದಂತೆ ಅಂದೆ. ಅವನೂ ಕಡಿಮೆ ಅನ್ನಲಿಲ್ಲ. ತನ್ನ ಪಾಲಿನ ಹೊಲ ಗೇಣಿಗೆ ಕೊಟ್ಟು, ಹೆಂಡತಿಯ ತವರು ಕಿತ್ತೂರಿಗೆ ಹೋಗಿ ನೆಲೆಸಿದ. ಹಬ್ಬ ಹುಣ್ಣಿಮೆಗೆ ಹೋಗಿ ಬರುವುದೂ ನಿಂತಿತು. ಮಾತಿಲ್ಲ, ಕತೆಯಿಲ್ಲ.

ಆದರೆ ದೇವರು ಇಬ್ಬರ ಗಂಟಲಿಗೂ ಅಪ್ಪನ ದನಿಯನ್ನೇ ಇಟ್ಟಿದ್ದ. ದಪ್ಪ ದನಿ, ಕೊನೆಗೆ ಸ್ವಲ್ಪ ಒಡಕು. ಅವ್ವನಿಗೇ ಕತ್ತಲಲ್ಲಿ ಗುರುತು ಹತ್ತುತ್ತಿರಲಿಲ್ಲ. ಫೋನಿನಲ್ಲಿ ಯಾರಾದರೂ ನನ್ನನ್ನು ಅಣ್ಣನೆಂದು ತಿಳಿದರೆ ಮೈಯೆಲ್ಲ ಉರಿದು, "ನಾ ಅಂವಲ್ಲ" ಎಂದು ಕಟ್ ಮಾಡುತ್ತಿದ್ದೆ.

ಹೊಲದ ಕಾಗದಪತ್ರದ ಕೆಲಸಕ್ಕೆ ಅವನೂ ಬೈಲಹೊಂಗಲಕ್ಕೆ ಬರುವುದು ತಿಳಿದಿತ್ತು. ನಾನು ಸಂತೆಯ ದಿನ ಹೋಗುವವನು, ನನ್ನ ಮುಖ ನೋಡುವುದು ಬೇಡವೆಂದು ಅವನು ಸಂತೆ ತಪ್ಪಿಸಿ ಬರುತ್ತಿದ್ದ. ಅವನೂ ಅತ್ತಿಯ ಖಾನಾವಳಿಯಲ್ಲೇ ಉಣ್ಣುತ್ತಾನೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಆಗಾಗ ಅತ್ತಿ ಏನೇನೋ ಕೇಳುತ್ತಿದ್ದಳು. "ಕಿತ್ತೂರಾಗ ಮಳಿ ಆತೇನೋ?" ನನಗೇನು ಗೊತ್ತು ಎನ್ನುತ್ತಿದ್ದೆ. "ಹೋದ ಸಲ ಮಜ್ಜಿಗಿಗೆ ಉಪ್ಪ ಬ್ಯಾಡಂದಿ, ಇವತ್ತ ಬೇಕಂತಿ. ಒಂದ ನಾಲಿಗಿಗೆ ಎಷ್ಟ ರುಚಿಯೋ ನಿನಗ?" ಮುದುಕಿಗೆ ಅರಳು ಮರಳು ಶುರುವಾಗಿದೆ ಎಂದುಕೊಂಡು ಉಣ್ಣುತ್ತಿದ್ದೆ.

ಒಂದು ಸಂತೆಯ ದಿನ ಮೆಣಸಿನಕಾಯಿ ಮಾರಿ, ಹಸಿದು ಬಂದು ಗಂಗಾಳಕ್ಕೆ ಎಣ್ಣೆಗಾಯಿ ಹಾಕಿಕೊಂಡು ಕೂಗಿದೆ. ಕೈ ಬಂತು. ಕೈಯಲ್ಲಿ ರೊಟ್ಟಿ ಇರಲಿಲ್ಲ. ಒಂದು ಬಟ್ಟಲಿತ್ತು. ಬಟ್ಟಲಿನಲ್ಲಿ ರೊಟ್ಟಿ ಮುರಿದು ಬಿಸಿ ಹಾಲಿನಲ್ಲಿ ನೆನೆಸಿ, ಕೂಸಿಗೆ ಕಲಸುವಂತೆ ಕಲಸಿಟ್ಟಿದ್ದಳು.

"ಅತ್ತಿ, ಇದೇನ ಇದು? ನನಗೇನ ಹಲ್ಲ ಬಂದಿಲ್ಲೇನು?"

"ಸುಮ್ನ ತಿನ್ನೋ ನನ್ನಪ್ಪಾ. ಅವತ್ತ ಒಂದ ತುತ್ತ ಇಳೀವಲ್ದು ಅಂತ ಗಂಗಾಳ ಬಿಟ್ಟ ಎದ್ದ ಹೋದ್ಯಲ್ಲ, ನನ್ನ ಜೀವ ಹೆಂಗಾಗಿರಬೇಕು? ಬೆಳಗಾವಿಗೆ ಹೋಗಿ ತೋರಸ್ರಿ ಅಂದಾರ ಡಾಕ್ಟ್ರು ಅಂದಿದ್ದಿ. ಹೋದ್ಯೋ ಇಲ್ಲೋ?"

ನಾನು ಬಗ್ಗಿ ಬಟ್ಟಲು ಹಿಡಿದವನು ಹಾಗೇ ಕುಕ್ಕರಗಾಲಿನಲ್ಲಿ ಕೂತೆ. ಉಪ್ಪಿಲ್ಲದ ಮಜ್ಜಿಗೆ ಕುಡಿಯುವವನು ಯಾರು, ಕಿತ್ತೂರಿನ ಮಳೆ ಯಾರದು ಎಂದು ಒಮ್ಮೆಲೇ ಹೊಳೆಯಿತು. ಈ ಸಲ ನಾ ಅಂವಲ್ಲ ಎಂದು ಹೇಳಲಿಲ್ಲ.

"ಮತ್ತೇನ ಅಂದಿದ್ನಿ ಅತ್ತಿ?" ಎಂದು ಕೇಳಿದೆ.

"ಮರತೇನು? ಕೆಟ್ಟ ಗಂಟ ಇದ್ರ ಹೆಂಗ ಮಾಡ್ಲಿ ಅಂದಿ. ತಮ್ಮಗ ಹೇಳಿದ್ರ ನನ್ನ ಮ್ಯಾಲ ಆಣಿ ಅಂತ ಹೆಂಡ್ತಿ ಬಾಯಿ ಕಟ್ಟೇನಿ ಅಂದಿ. ನಾ ಬೈದಿಲ್ಲಾ? ಸತ್ತ ಮ್ಯಾಲ ಹೆಗಲ ಕೊಡಾಕ ಬರಾಂವಗ ಬದುಕಿದ್ದಾಗ ಹೇಳಾಕ ಏನ ಧಾಡಿ ನಿನಗ?"

ಅಣ್ಣನ ಪಾಲಿನ ಬಟ್ಟಲನ್ನು ಹಾಗೇ ಬಿಟ್ಟು ಏಳಲು ಮನಸ್ಸಾಗಲಿಲ್ಲ. ತಿಂದೆ. ತಳದ ಹಾಲನ್ನೂ ಬಿಡದೆ ಬಟ್ಟಲು ಬಳಿದೆ. ಹೊರಗೆ ಬಂದು ಗಾಡಿಯ ಮೂತಿಯನ್ನು ಕಿತ್ತೂರಿನ ಕಡೆ ತಿರುಗಿಸಿದೆ.

ಬಾಗಿಲು ತೆರೆದ ವೈನಿ, ಅಣ್ಣನ ಹೆಂಡತಿ, ನನ್ನನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಾ ಹೇಳಿಲ್ರೀ, ದೇವರಾಣಿ" ಎಂದು ಒಳಗೆ ನೋಡಿ ಕೂಗಿದರು. ಅಣ್ಣ ಹೊರಸಿನ ಮೇಲೆ ಕೂತಿದ್ದ. ಅಂಗಿ ಅವನದಲ್ಲ, ಯಾರದ್ದೋ ತೊಟ್ಟಂತೆ ಕಾಣುತ್ತಿತ್ತು. ಅಷ್ಟು ಇಳಿದುಹೋಗಿದ್ದ. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ.

"ಯಾರ ಹೇಳಿದ್ರೋ ನಿನಗ?"

"ರೊಟ್ಟಿ ಅತ್ತಿ. ನೀನ ಅಂತ ತಿಳಕೊಂಡು ನನಗ ಹಾಲು ರೊಟ್ಟಿ ಉಣ್ಣಿಸ್ಯಾಳ."

ಅವನು ನಕ್ಕ. ನಗಲಿಕ್ಕೂ ತ್ರಾಸಾಗುತ್ತಿತ್ತು. "ಆಕಿ ನನಗೂ ನಿನ್ನ ಸುದ್ದಿ ಹೇಳತಾಳಪಾ. ಎಮ್ಮಿ ಸತ್ತು ನೀ ಉಣಲಾರದ ಕುಂತಿದ್ದು, ಮಗಳಿಗೆ ನರ್ಸಿಂಗ್ ಸೀಟ ಸಿಕ್ಕಿದ್ದು, ಎಲ್ಲಾ ಗೊತ್ತದ. ಸೀಟ ಸಿಕ್ಕ ಸುದ್ದಿ ಕೇಳಿ ಇಲ್ಲಿ ಓಣಿಗೆಲ್ಲ ಪೇಢೆ ಹಂಚೇನಿ."

"ಮತ್ತ ನಾ ಅಂವಲ್ಲ ಅಂತ ಆಕಿಗೆ ಹೇಳಲಿಲ್ಲೇನು?"

"ಹೇಳಿದ್ರ ನಿನ್ನ ಸುದ್ದಿ ಬಂದ ಆಗತಿತ್ತಲ್ಲೋ."

ನಾನು ಅವನ ಕಾಲ ಬಳಿ ಕೂತು ಚಿಕ್ಕ ಹುಡುಗನಂತೆ ಅತ್ತೆ. ಅವನೂ ಅತ್ತ. ವೈನಿ ಚಹಾಕ್ಕೆ ಇಟ್ಟರು. ಬೇವಿನ ಮರದ ಮಾತು ಯಾರೂ ತೆಗೆಯಲಿಲ್ಲ, ಇವತ್ತಿನವರೆಗೂ ತೆಗೆದಿಲ್ಲ.

ಬೆಳಗಾವಿಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಬಾಯೊಳಗೆ ನಳಿಗೆ ಇಳಿಸಿ ನೋಡಿದರು, ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗಿನ ಆ ದಿನಗಳು ನನ್ನ ವೈರಿಗೂ ಬೇಡ. ಅಣ್ಣ ಧೈರ್ಯವಾಗಿದ್ದ, ನಾನು ಕಂಪೌಂಡರ್ ಜೊತೆ, ರಿಕ್ಷಾದವನ ಜೊತೆ, ಚಹಾದಂಗಡಿಯವನ ಜೊತೆ ಸುಮ್ಮಸುಮ್ಮನೆ ಜಗಳ ತೆಗೆದೆ. ಕೊನೆಗೆ ಡಾಕ್ಟರು ಕರೆದು, "ಕೆಟ್ಟದ್ದೇನೂ ಇಲ್ಲ. ಅನ್ನನಾಳ ಬಿಗಿದುಕೊಂಡಿದೆ, ಹಿಗ್ಗಿಸಿದರೆ ಸರಿಹೋಗುತ್ತದೆ" ಎಂದರು. ಎದೆಯ ಮೇಲಿನ ಬೀಸುಕಲ್ಲು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ನಾನು ಆ ಡಾಕ್ಟರ ಕೈ ಹಿಡಿದು ಬಿಡಲೇ ಇಲ್ಲ. "ಬಿಡೋ, ಅವ್ರಿಗೆ ಬ್ಯಾರೆ ಪೇಶಂಟ ಅದಾರ" ಎಂದು ಅಣ್ಣ ಬಿಡಿಸಿದ.

ಅವನ ಗಂಟಲಲ್ಲಿ ಅನ್ನ ಇಳಿಯತೊಡಗಿದ ಮೇಲೆ, ಒಂದು ಸಂತೆಯ ದಿನ ಇಬ್ಬರೂ ಖಾನಾವಳಿಗೆ ಹೋದೆವು. ಒಂದೇ ಬೆಂಚಿನ ಮೇಲೆ ಕೂತು, ಒಟ್ಟಿಗೇ ಕೂಗಿದೆವು: "ಅತ್ತೀ, ರೊಟ್ಟಿ!"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಯಾಂವಲೇ ಅಣಕಸಾಂವ?"

"ಅಣಕ ಅಲ್ಲತ್ತಿ. ನಾವ ಇಬ್ರ ಅದೇವಿ."

ಆಗ ಅಡುಗೆಮನೆಯ ಬಾಗಿಲಿನಿಂದ ಅತ್ತಿ ಹೊರಗೆ ಬಂದಳು. ಗಿಡ್ಡ ಹೆಂಗಸು, ಬೆಳ್ಳಗಾದ ಕೂದಲು, ಮೂಗಿನ ಮೇಲೆ ಮಸಿ. ಆ ದೊಡ್ಡ ಕೈಗೆ ಇಷ್ಟು ಸಣ್ಣ ಮುಖವೇ ಎನ್ನಿಸಿತು. ನಮ್ಮಿಬ್ಬರನ್ನೂ ನೋಡಿ, ಸೊಂಟದ ಮೇಲೆ ಕೈಯಿಟ್ಟು ಶುರು ಮಾಡಿದಳು.

"ಅಯ್ಯ ನನ್ನ ಶಿವನ! ಇಬ್ರೇನ್ರೋ ನೀವು? ಒಂದ ದಿನ ರಾಕ್ಷಸನಂಗ ತಿಂತಾನ, ಇನ್ನೊಂದ ದಿನ ಹಾಲಾಗ ಅದ್ದಿ ತಿಂತಾನ, ಇವಂದು ಹೊಟ್ಟಿ ಐತೋ ಏನ ಹುಚ್ಚ ಹಿಡದೈತೋ ಅಂತ ನಿದ್ದಿಗೆಟ್ಟೇನಿ. ಒಬ್ಬನ ಸಲುವಾಗಿ ಹರಕಿ ಹೊತ್ತೇನಿ. ಈಗ ಯಾರ ತೀರಸೂದು?"

"ಇಬ್ರೂ ಕೂಡಿ ತೀರಸತೇವಿ ಅತ್ತಿ" ಎಂದ ಅಣ್ಣ. ಹಾಗೇ ಸವದತ್ತಿಯ ಗುಡ್ಡ ಹತ್ತಿ ತೀರಿಸಿದೆವು. ಅವತ್ತು ಖಾನಾವಳಿಯಲ್ಲಿ ಅವಳು ಬಿಸಿ ರೊಟ್ಟಿಯೊಂದನ್ನು ಮುರಿದು ಇಬ್ಬರ ಗಂಗಾಳಕ್ಕೂ ಹಾಕಿ, ನನ್ನ ಕಿವಿ ಹಿಂಡಿ ಒಳಗೆ ಹೋದಳು. ಅಣ್ಣನ ಕಿವಿ ಬಿಟ್ಟಳು, ಪೇಶಂಟ್ ಎಂದು.

ನಮ್ಮನ್ನು ಕೂಡಿಸಲೆಂದೇ ಅತ್ತಿ ಬೇಕಂತಲೇ ಆಟ ಹೂಡಿದಳು ಎಂದು ಈಗಲೂ ಕೆಲವರು ಹೇಳುತ್ತಾರೆ. ಹಾಗೆಂದು ನಾನೇ ಒಮ್ಮೆ ಕೇಳಿದ್ದಕ್ಕೆ ಆಕೆಗೆ ಸಿಟ್ಟು ಬಂದಿತ್ತು. "ನಾ ನಾಟಕದಾಕಿ ಏನೋ? ಖರೇನ ಒಬ್ಬಾಂವ ಅಂತನ ತಿಳದಿದ್ನಿ. ದನಿ ಒಂದ ಇದ್ದಮ್ಯಾಲ ಬ್ಯಾರೆ ಹೆಂಗ ಅಂತ ತಿಳೀಲಿ?" ಅದು ಖರೆ ಎಂದೇ ನಾನು ನಂಬಿದ್ದೇನೆ. ನಮ್ಮ ಅವ್ವ ಹೋದ ಮೇಲೆ ನಮ್ಮಿಬ್ಬರನ್ನು ಒಂದೇ ಎಂದು ತಿಳಿದವಳು ಅವಳೊಬ್ಬಳೇ.

ಹೋದ ವರ್ಷ ಅತ್ತಿ ಹಾಸಿಗೆ ಹಿಡಿದಳು. ನಾವಿಬ್ಬರೂ ನೋಡಲು ಹೋದೆವು. ಕಣ್ಣು ಮುಚ್ಚಿದ್ದವು, ಬಳೆ ಸಡಿಲಾಗಿ ಮಣಿಕಟ್ಟಿಗೆ ಇಳಿದಿದ್ದವು. ಅಣ್ಣ "ಅತ್ತೀ" ಎಂದ.

"ಯಾಂವೋ?"

"ಹಿರಿಯಾಂವ."

"ಸಣ್ಣಾಂವ ಎಲ್ಲೆದಾನ?" ಎಂದಳು, ಸ್ವಲ್ಪ ಗಾಬರಿಯಿಂದ.

"ಇಲ್ಲೇ ಅದೇನಿ ಅತ್ತಿ" ಎಂದೆ.

"ಹಂಗಾದ್ರ ಛಲೋ ಆತು. ಉಂಡ ಹೋಗ್ರಿ" ಎಂದಳು. ನಮಗೆ ಆಕೆ ಆಡಿದ ಕೊನೆಯ ಮಾತು ಅದೇ. ಉಂಡೇ ಬಂದೆವು. ಅಲ್ಲಿಂದ ಒಂದು ವಾರಕ್ಕೆ ಹೋದಳು. ನಾನು ಅತ್ತೆ, ಆದರೆ ಎದೆಯಲ್ಲಿ ಭಾರವಿರಲಿಲ್ಲ. ಅವಳ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನಾವಿಬ್ಬರೂ ಇದ್ದೆವು.

ಈಗ ಕಿಂಡಿಯಿಂದ ಅವಳ ಮಗಳ ಕೈ ಬರುತ್ತದೆ. ಮೊನ್ನೆ ಸಂತೆಯ ದಿನ ನಾವಿಬ್ಬರೂ ಉಂಡು ಮುಗಿಸಿದ್ದೆವು. ಅಣ್ಣ ಕೈ ತೊಳೆಯಲು ಹೋದಾಗ ಬೆಂಚಿನ ಮೇಲಿದ್ದ ಅವನ ಫೋನು ರಿಂಗಾಯಿತು. ಎತ್ತಿದೆ. ಕಿತ್ತೂರಿನ ಯಾರೋ ಹಿರಿಯರು, ನನ್ನ ಹಲೋ ಕೇಳುತ್ತಲೇ ಶುರು ಮಾಡಿದರು.

"ಹೆಂಗದೀರಿ? ಆರಾಮೇನ್ರಿ? ಈಗ ಊಟ ಸರಳ ಇಳೀತದ?"

"ಹೂಂರಿ, ಆರಾಮ ಅದೇನಿ" ಎಂದೆ. "ಬಿಸಿ ರೊಟ್ಟಿ ಉಂಡು ಈಗಷ್ಟ ಎದ್ದೇನಿ."